ಕ್ಯಾಂಪಿಗೆ ಹೊರಟವರಿಗೆ ಒಂದು ಡಬ್ಬಿ

ಚಳಿ ಶುರುವಾಯಿತೆಂದರೆ ನಮ್ಮ ಡೊಂಬಿವಲಿಯ ಬಿಲ್ಡಿಂಗಿನ ಮಕ್ಕಳು ಶನಿವಾರ ಕರ್ಜತ್, ಪವನಾ ಕೆರೆ ಅಂತ ಹೊರಟುಬಿಡುತ್ತಾರೆ. ಟೆಂಟು, ಸ್ಪೀಕರು, ಮಸಾಲೆ ಹಚ್ಚಿದ ಪನೀರು ಎಲ್ಲ ಇರುತ್ತದೆ. ಬೆಂಕಿ ಹೊತ್ತಿಸಲು ಮಾತ್ರ ಒಂದು ಲೈಟರ್. ಕಳೆದ ಡಿಸೆಂಬರಿನಲ್ಲಿ ಮೊಮ್ಮಗನ ಜೊತೆ ನಾನೂ ಹೋಗಿದ್ದೆ. ನಾಲ್ಕು ಹುಡುಗರು ಮುಕ್ಕಾಲು ಗಂಟೆ ಹೊಗೆ ಕುಡಿದರು, ಕಟ್ಟಿಗೆ ಹೊತ್ತಲಿಲ್ಲ. ಕೊನೆಗೆ ಒಬ್ಬ ಬೈಕಿನಿಂದ ಪೆಟ್ರೋಲ್ ತೆಗೆಯಲು ಎದ್ದ. "ಕೂತ್ಕೋ ಮಾರಾಯ, ಅದೊಂದು ಮಾಡ್ಬೇಡ" ಅಂತ ಅವನ ಕೈ ಹಿಡಿದು ಕೂರಿಸಿದೆ.

ಆ ಹೆದರಿಕೆ ನನಗೆ ಸುಮ್ನೆ ಬಂದದ್ದಲ್ಲ. 1974ರಲ್ಲಿ ಮದುವೆಯಾಗಿ ಉಡುಪಿ ಕಡೆಯಿಂದ ಮುಂಬಯಿಗೆ ಬಂದಾಗ ನಮ್ಮದು ಚಾಳಿನಲ್ಲಿ ಒಂದೇ ಖೋಲಿ. ಗ್ಯಾಸ್ ಇರಲಿಲ್ಲ. ಇದ್ದಿಲ ಸಿಗ್ಡಿಯಲ್ಲೇ ಅಡುಗೆ. ಒಂದು ಮಳೆಗಾಲದ ಬೆಳಿಗ್ಗೆ ಇದ್ದಿಲು ಹೊತ್ತದೆ ಬರೀ ಹೊಗೆಯಾಡುತ್ತಿತ್ತು. ನನ್ನ ಮೈದುನ ಅದರ ಮೇಲೆ ಸೀಮೆಎಣ್ಣೆ ಸುರಿದ. ಬಿಸಿಗೆ ಎಣ್ಣೆ ಆವಿಯಾಗಿ ಭಗ್ ಅಂತ ಒಮ್ಮೆಲೇ ಹೊತ್ತಿಕೊಂಡಿತು. ಅವನ ಹುಬ್ಬು ಸುಟ್ಟಿತು, ಕೈಯ ಚರ್ಮ ಸುಲಿದು ತಿಂಗಳುಗಟ್ಟಲೆ ನೋವು ತಿಂದ. ಆದ್ದರಿಂದ ಸೀಮೆಎಣ್ಣೆ, ಪೆಟ್ರೋಲ್ ಬೇಡವೇ ಬೇಡ. ಸ್ಯಾನಿಟೈಸರ್ ಕೂಡ ಬೇಡ. ಅದರ ಜ್ವಾಲೆ ಬೆಳಕಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. ಆರಿದೆ ಅಂದುಕೊಂಡು ಮತ್ತೆ ಸುರಿದರೆ ಬಾಟಲಿಗೇ ಹೊತ್ತುತ್ತದೆ.

ಬೇಕಾದದ್ದೆಲ್ಲ ನಮ್ಮ ಅಡುಗೆಮನೆಯಲ್ಲೇ ಇದೆ. ಊರಿನ ಬಚ್ಚಲ ಒಲೆಗೆ ನಾವು ಒಣ ಮಡಲು, ತೆಂಗಿನ ಸಿಪ್ಪೆ, ಗೆರಟೆ ಹಾಕುತ್ತಿದ್ದೆವು ಅಲ್ವಾ? ಇಲ್ಲಿ ಮಡಲು ಸಿಗದಿದ್ದರೂ ದಿನಾ ಕಾಯಿ ಒಡೆಯುತ್ತೇವೆ. ಜುಟ್ಟಿನ ನಾರನ್ನು ಕಸಕ್ಕೆ ಹಾಕಬೇಡಿ. ಕಿಟಕಿಯ ಬಿಸಿಲಿಗೆ ಎರಡು ದಿನ ಇಟ್ಟು, ಬೆರಳಿನಿಂದ ಬಿಡಿಸಿ, ಹಕ್ಕಿಗೂಡಿನ ಹಾಗೆ ಸಡಿಲ ಉಂಡೆ ಮಾಡಿ. ಗೆರಟೆಯ ತುಂಡುಗಳನ್ನೂ ಒಣಗಿಸಿ ಇಟ್ಟುಕೊಳ್ಳಿ. ಅದು ನಿಧಾನಕ್ಕೆ ಹೊತ್ತುತ್ತದೆ, ಆದರೆ ಒಮ್ಮೆ ಹಿಡಿದರೆ ಒಳ್ಳೆ ಕೆಂಡ ಕೊಡುತ್ತದೆ. ಚಳಿಗಾಲದಲ್ಲಿ ನಾಗಪುರದ ಕಿತ್ತಳೆ ಬರುತ್ತದಲ್ಲ, ಅದರ ಸಿಪ್ಪೆಯೂ ಆಗುತ್ತದೆ. ಸಿಪ್ಪೆಯಲ್ಲಿ ಎಣ್ಣೆ ಇರುವುದರಿಂದ ಗರಿಗರಿ ಒಣಗಿದ ಮೇಲೆ ಚಟಪಟ ಉರಿಯುತ್ತದೆ.

ನಾನು ಜಾಸ್ತಿ ನಂಬುವುದು ಮೇಣದ ಉಂಡೆಗಳನ್ನು. ದೀಪಾವಳಿ ಮುಗಿದ ಮೇಲೆ ಉಳಿದ ಮೇಣದಬತ್ತಿಯ ಚೂರುಗಳನ್ನು ಒಂದು ಹಳೆ ಡಬ್ಬಿಗೆ ಹಾಕಿ. ಆ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಸಣ್ಣ ಉರಿಯಲ್ಲಿ ಕರಗಿಸಿ. ಮೇಣವನ್ನು ನೇರ ಗ್ಯಾಸ್ ಮೇಲೆ ಇಡಬೇಡಿ, ಜಾಸ್ತಿ ಕಾದರೆ ಅದೇ ಹೊತ್ತಿಕೊಳ್ಳುತ್ತದೆ. ರಟ್ಟಿನ ಮೊಟ್ಟೆ ಟ್ರೇಯ ಒಂದೊಂದು ಗುಂಡಿಗೂ ಒಂದು ಚಿಟಿಕೆ ತೆಂಗಿನ ನಾರು ತುಂಬಿ ಮೇಲೆ ಮೇಣ ಹೊಯ್ಯಿರಿ. ನಾರಿನ ತುದಿ ಸ್ವಲ್ಪ ಹೊರಗೆ ಕಾಣುತ್ತಿರಲಿ. ಗಟ್ಟಿಯಾದ ಮೇಲೆ ಗುಂಡಿಗಳನ್ನು ಬೇರೆ ಬೇರೆ ಕತ್ತರಿಸಿ. ನಾರು ಬತ್ತಿಯ ಕೆಲಸ ಮಾಡುತ್ತದೆ, ಮೇಣ ಎಣ್ಣೆಯ ಕೆಲಸ ಮಾಡುತ್ತದೆ. ನಮ್ಮ ದೀಪದ ಲೆಕ್ಕವೇ. ಒಂದೊಂದು ಉಂಡೆ ಏಳೆಂಟು ನಿಮಿಷ ಬಿಡದೆ ಉರಿಯುತ್ತದೆ. ಮೊಟ್ಟೆ ತರದ ಮನೆಯವರು ದೇವರ ದೀಪದ ಹೂಬತ್ತಿಯನ್ನು ಮೇಣದಲ್ಲಿ ಅದ್ದಿಟ್ಟರೂ ಸಾಕು.

ಇವನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಜೊತೆಗೆ ಎರಡು ಬೆಂಕಿಪೆಟ್ಟಿಗೆ ಇರಲಿ. ಮುಂಬಯಿಯ ಹವೆಗೆ ಕಡ್ಡಿಯ ಮದ್ದು ಬೇಗ ತಂಪು ಹಿಡಿಯುತ್ತದೆ. ನಾಲ್ಕು ಕರ್ಪೂರದ ಬಿಲ್ಲೆಯೂ ಇರಲಿ. ಅದು ತಕ್ಷಣ ಹೊತ್ತುತ್ತದೆ, ಆದರೆ ಬೇಗ ಮುಗಿಯುತ್ತದೆ. ಹೊಟ್ಟೆಗೆ ಹೋದರೆ ವಿಷ, ಸಣ್ಣ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಇನ್ನು ಕಟ್ಟಿಗೆ. ಕ್ಯಾಂಪಿನವರು ಕೊಡುವ ಹೊರೆಯಲ್ಲಿ ಅರ್ಧ ಹಸಿ ಇರುತ್ತದೆ. ಒಂದು ಪುಳ್ಳೆ ಮುರಿದು ನೋಡಿ. ಪಟ್ ಅಂದರೆ ಒಣಗಿದೆ, ಬಗ್ಗಿ ಸೀಳಿದರೆ ಹಸಿ. ಹಸಿ ಕಟ್ಟಿಗೆಗೆ ನೀವು ಕೊಟ್ಟ ಬಿಸಿಯೆಲ್ಲ ಅದರ ನೀರು ಆರಿಸುವುದರಲ್ಲೇ ಮುಗಿಯುತ್ತದೆ. ನಮ್ಮ ಹುಡುಗರು ಸೋತದ್ದೂ ಇಲ್ಲೇ. ತೊಡೆಗಾತ್ರದ ಕೊರಡಿನ ಕೆಳಗೆ ನ್ಯೂಸ್‌ಪೇಪರ್ ತುರುಕಿ ಕೂತಿದ್ದರು. ನಾನು ಎಲ್ಲ ತೆಗೆಸಿ, ಒಣ ನೆಲದಲ್ಲಿ ಒಂದು ಮೇಣದ ಉಂಡೆ ಇಟ್ಟೆ. ಅದರ ಮೇಲೆ ಊದಿನಕಡ್ಡಿ ಗಾತ್ರದ ಪುಳ್ಳೆಗಳನ್ನು ಗೋಪುರದ ಹಾಗೆ ಒರಗಿಸಿ, ಗಾಳಿ ಬರುವ ಕಡೆ ಒಂದು ಬಾಯಿ ಬಿಟ್ಟೆ. ಅವು ಹಿಡಿದ ಮೇಲೆ ಬೆರಳ ಗಾತ್ರದವು. ಆಮೇಲೆ ಗೆರಟೆ ಚೂರು. ಕೆಂಡ ಕಂಡ ಮೇಲೆಯೇ ಮಣಿಕಟ್ಟಿನ ಗಾತ್ರದ್ದು. ಊದುವುದಾದರೆ ಮೇಲಿನಿಂದ ಊದಬೇಡಿ, ನೆಲಕ್ಕೆ ಬಗ್ಗಿ ಕೆಂಡದ ಬುಡಕ್ಕೆ ಉದ್ದಕ್ಕೆ, ಮೆಲ್ಲಗೆ ಊದಿ. ಹತ್ತು ನಿಮಿಷದಲ್ಲಿ ಬೆಂಕಿ ನಿಂತಿತು. ಪೆಟ್ರೋಲಿಗೆ ಎದ್ದ ಹುಡುಗನೇ ಕೊನೆಯವರೆಗೆ ಕಟ್ಟಿಗೆ ಹಾಕುತ್ತಾ ಕೂತ.

ಏನೇನು ಸುಡಬಾರದು ಅಂತಲೂ ಹೇಳಬೇಕು. ಬಣ್ಣ ಹಚ್ಚಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್ ಬೇಡ. ಕಣಗಿಲೆ ಕಡ್ಡಿಯನ್ನಂತೂ ಬೆಂಕಿಗೆ ಹಾಕಲೂಬೇಡಿ, ಪನೀರ್ ಚುಚ್ಚಲೂ ಬೇಡಿ, ಆ ಗಿಡವೇ ವಿಷ. ಕೆರೆಯ ದಡದ ಒದ್ದೆ ಕಲ್ಲುಗಳನ್ನು ಬೆಂಕಿಯ ಸುತ್ತ ಇಡಬೇಡಿ. ಒಳಗೆ ಸೇರಿದ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ನೈಲಾನ್ ಜಾಕೆಟ್ ಹಾಕಿಕೊಂಡು ತೀರ ಹತ್ತಿರ ಕೂರಬೇಡಿ, ಒಂದು ಕಿಡಿಗೆ ಕರಗಿ ಮೈಗೆ ಅಂಟುತ್ತದೆ. ಎಷ್ಟೇ ಚಳಿಯಾದರೂ ಕೆಂಡದ ಸಿಗ್ಡಿಯನ್ನು ಟೆಂಟಿನೊಳಗೆ ಒಯ್ಯಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಮಲಗಿದವರಿಗೆ ಗೊತ್ತೇ ಆಗದೆ ಜೀವ ಹೋಗುತ್ತದೆ.

ಕಾಡಿನಲ್ಲಿ ಬೆಂಕಿ ಬೇಡವೇ ಬೇಡ. ಬೊರಿವಲಿಯ ನ್ಯಾಷನಲ್ ಪಾರ್ಕ್ ಇರಲಿ, ಸಹ್ಯಾದ್ರಿಯ ಮೀಸಲು ಅರಣ್ಯ ಇರಲಿ, ಮಳೆ ನಿಂತ ಕೆಲವೇ ತಿಂಗಳಲ್ಲಿ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು 1927ರ ಅರಣ್ಯ ಕಾಯ್ದೆಯಲ್ಲಿ ಅಪರಾಧ. ಕ್ಯಾಂಪಿನವರು ತೋರಿಸಿದ ಜಾಗದಲ್ಲೇ ಹಚ್ಚಿ. ಸುತ್ತ ಐದಾರು ಅಡಿ ಹುಲ್ಲು, ಎಲೆ ಗುಡಿಸಿ, ಮೊದಲೇ ಎರಡು ಬಕೆಟ್ ನೀರು ತುಂಬಿಡಿ.

ಮಲಗುವ ಮುಂಚೆ ಆರಿಸುವುದಕ್ಕೆ ಉದಾಸೀನ ಮಾಡಬೇಡಿ. ಮಣ್ಣು ಮುಚ್ಚಿ ಹೋದರೆ ಕೆಂಡ ಅಡಿಯಲ್ಲಿ ಬೆಳಗಿನವರೆಗೂ ಜೀವಂತ ಇರುತ್ತದೆ. ನೀರು ಹೊಯ್ದು, ಕೋಲಿನಿಂದ ಕದಡಿ, ಮತ್ತೆ ಹೊಯ್ಯಿರಿ. ಸುಂಯ್ ಅನ್ನುವ ಸದ್ದು ನಿಂತ ಮೇಲೆ ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಿ. ಬಿಸಿ ತಾಗಿದರೆ ಇನ್ನೊಂದು ಬಕೆಟ್ ತನ್ನಿ.