ಡೆಬಿಯನ್ ಕಲಿಯುವಾಗ ನಾನು ನೆರವು ಪಡೆದ ಬಗೆ

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯನ್ನು ರೂಪಿಸುವ ಡೆಬಿಯನ್ ಯೋಜನೆಯನ್ನು ಇಂದಿಗೂ ಸ್ವಯಂಸೇವಕರೇ ನಡೆಸುತ್ತಿದ್ದಾರೆ. ಆದ್ದರಿಂದ ಅದನ್ನು ಕಲಿಯಹೊರಟವರಿಗೆ ಫೋನ್ ಮಾಡಿ ವಿಚಾರಿಸಲು ಗ್ರಾಹಕ ಸೇವಾ ಕೇಂದ್ರವೆಂಬುದಿಲ್ಲ. ನಾನು ಡೆಬಿಯನ್ 12 ಹಾಕಿಕೊಂಡು ಕಲಿಯತೊಡಗಿದಾಗ, ಯಾರನ್ನಾದರೂ ಕೇಳುವ ಮುನ್ನ ಗಣಕದೊಳಗೇ ಇರುವ ಕೈಪಿಡಿಗಳನ್ನು ತೆರೆದು ನೋಡುವ ರೂಢಿ ಮಾಡಿಕೊಂಡೆ.

ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಮ್ಯಾನ್’ ಎಂದು ಬರೆದು ಆಜ್ಞೆಯ ಹೆಸರು ಸೇರಿಸಿದರೆ ಅದರ ಕೈಪಿಡಿ ತೆರೆದುಕೊಳ್ಳುತ್ತದೆ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಆ ಪುಟಗಳನ್ನು ಸಂಖ್ಯೆಯಿಂದ ಗುರುತಿಸುವ ವಿಭಾಗಗಳಲ್ಲಿ ಇರಿಸಲಾಗಿದೆ ಎಂದು ಹೇಳುವವರು ಕಡಿಮೆ. ಉದಾಹರಣೆಗೆ, ನಿಗದಿತ ಹೊತ್ತಿಗೆ ತಾನಾಗಿ ನಡೆಯಬೇಕಾದ ಕೆಲಸಗಳನ್ನು ಪಟ್ಟಿ ಮಾಡುವ ಕ್ರಾನ್‌ಟ್ಯಾಬ್ ಬಗ್ಗೆ ‘ಮ್ಯಾನ್ ಕ್ರಾನ್‌ಟ್ಯಾಬ್’ ಎಂದರೆ ಮೊದಲ ವಿಭಾಗದಲ್ಲಿರುವ ಆಜ್ಞೆಯ ವಿವರಣೆಯಷ್ಟೇ ಸಿಗುತ್ತದೆ. ಆ ಪಟ್ಟಿಯ ಕಡತದ ಸಾಲಿನಲ್ಲಿ ನಿಮಿಷ, ಗಂಟೆ, ದಿನಾಂಕ, ತಿಂಗಳು, ವಾರದ ದಿನ ಎಂಬ ಕ್ರಮವಿರಬೇಕೆಂದು ತಿಳಿಯಲು ‘ಮ್ಯಾನ್ 5 ಕ್ರಾನ್‌ಟ್ಯಾಬ್’ ಎಂದೇ ಕೇಳಬೇಕು. ಈ ಒಂದು ಅಂಕಿಯನ್ನು ಅರಿತ ಮೇಲೆ ಅರ್ಧಕ್ಕರ್ಧ ಸಂದೇಹಗಳು ಅಲ್ಲೇ ಪರಿಹಾರವಾದವು.

ಕನ್ನಡದ ಕೆಲಸಕ್ಕೂ ಇದೇ ದಾರಿ ಹಿಡಿದೆ. ಡೆಬಿಯನ್ ಒದಗಿಸುವ ತಂತ್ರಾಂಶಗಳ ಕಟ್ಟುಗಳಾದ ಪ್ಯಾಕೇಜುಗಳ ವಿವರಣೆಯಲ್ಲಿ ಕನ್ನಡ ಎಂದು ಹುಡುಕಿದಾಗ ಗುಬ್ಬಿ, ನವಿಲು ಫಾಂಟುಗಳು ದೊರೆತವು. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವಾದ ಕೆಜಿಪಿ ಬೇಕೆಂದರೆ, ಹಲವು ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್‌ನ ಎಂ17ಎನ್ ಪ್ಯಾಕೇಜನ್ನು ಸ್ಥಾಪಿಸಿ, ಒಮ್ಮೆ ಲಾಗ್ ಔಟ್ ಆಗಿ ಬಂದು, ಸೆಟ್ಟಿಂಗ್ಸ್‌ನಲ್ಲಿ ಅದನ್ನು ಸೇರಿಸಬೇಕಾಯಿತು.

ಕೈಪಿಡಿಯಿಂದ ಬಗೆಹರಿಯದ ಸಂಗತಿಗಳನ್ನು ಒಎಫ್‌ಟಿಸಿ ಎಂಬ ಜಾಲದಲ್ಲಿರುವ ಡೆಬಿಯನ್‌ನ ಐಆರ್‌ಸಿ (ಬರಹದ ಮೂಲಕ ನೇರ ಮಾತುಕತೆ) ವಾಹಿನಿಯಲ್ಲಿ ಕೇಳಿದೆ. ಅಲ್ಲಿ ಉತ್ತರಿಸುವವರು ತಮ್ಮ ಬಿಡುವಿನ ವೇಳೆಯನ್ನು ನಮಗಾಗಿ ಕೊಡುತ್ತಾರೆ, ಹಲವರು ಬೇರೆ ಬೇರೆ ದೇಶಗಳಲ್ಲಿರುತ್ತಾರೆ. ಪ್ರಶ್ನೆ ಹಾಕಿ ಐದು ನಿಮಿಷಕ್ಕೆ ಹೊರಟುಹೋದವರಿಗೆ ಉತ್ತರ ಬಂದರೂ ಕಾಣುವುದಿಲ್ಲ. ‘ವೈಫೈ ಬರುತ್ತಿಲ್ಲ’ ಎಂಬಷ್ಟರಿಂದ ಯಾರಿಗೂ ಏನೂ ತಿಳಿಯದು. ವೈಫೈ ಚಿಪ್ ಯಾವುದೆಂದು ‘ಎಲ್‌ಎಸ್‌ಪಿಸಿಐ’ ಆಜ್ಞೆ ತೋರಿಸಿದ ಸಾಲು, ಆ ಚಿಪ್ ನಡೆಯಲು ಬೇಕಾದ ಫರ್ಮ್‌ವೇರ್ ಕಡತ ಸಿಗಲಿಲ್ಲವೆಂದು ವ್ಯವಸ್ಥೆಯ ತಿರುಳಾದ ಕರ್ನಲ್ ದಾಖಲಿಸಿದ ಸಂದೇಶ, ಅದುವರೆಗೆ ನಾನು ಪ್ರಯತ್ನಿಸಿದ್ದು, ಇವನ್ನು ಒಂದಕ್ಷರವೂ ಬದಲಾಗದಂತೆ ನಕಲು ಮಾಡಿ ಕೊಟ್ಟಾಗಲೆಲ್ಲ ಉತ್ತರ ನೇರವಾಗಿ ಬಂದಿದೆ.

ಇಂಗ್ಲಿಷಿನಲ್ಲಿ ಕೇಳಲು ಹಿಂಜರಿಯುವ ಕನ್ನಡಿಗರಿಗೆ ಒಂದು ಮಾತನ್ನು ಒತ್ತಿ ಹೇಳಬಯಸುತ್ತೇನೆ. ಗಣಕ ತೋರಿಸಿದ ದೋಷ ಸಂದೇಶವನ್ನು ಯಥಾವತ್ತಾಗಿ ಕೊಟ್ಟರೆ ಜೊತೆಗೆ ಎರಡು ಸರಳ ವಾಕ್ಯಗಳು ಸಾಕು. ವ್ಯಾಕರಣವನ್ನು ಅಲ್ಲಿ ಯಾರೂ ಅಳೆಯುವುದಿಲ್ಲ. ಗಣಕವನ್ನು ಕನ್ನಡದಲ್ಲಿ ಬಳಸುವವರು ಆಜ್ಞೆಗೆ ಮೊದಲು, ಭಾಷೆಯನ್ನು ನಿರ್ಧರಿಸುವ ‘ಎಲ್‌ಸಿ ಆಲ್’ ಎಂಬ ಚರಾಂಶಕ್ಕೆ ‘ಸಿ’ ಎಂಬ ಮೌಲ್ಯ ಕೊಟ್ಟು (LC_ALL=C) ಅದನ್ನು ಮತ್ತೆ ನಡೆಸಿದರೆ, ಅದೇ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ, ಹುಡುಕಲೂ ಅನುಕೂಲವಾಗುತ್ತದೆ.

ಎದುರು ಕುಳಿತು ಕಲಿಯಬಯಸುವವರಿಗೆ ಲಿನಕ್ಸ್ ಬಳಕೆದಾರರ ಗುಂಪುಗಳಿವೆ. ಕರ್ನಾಟಕದ ಹಲವು ಕಾಲೇಜುಗಳಲ್ಲಿ ಸ್ವತಂತ್ರ ತಂತ್ರಾಂಶದ ಪರ ಕೆಲಸ ಮಾಡುವ ಎಫ್‌ಎಸ್‌ಎಂಕೆ ಸಂಘಟನೆ ಅಂಥ ಗುಂಪುಗಳನ್ನು ಬೆಳೆಸಿದೆ. ಈಗ ಹೊಸಬರು ನನ್ನ ಬಳಿ ಬಂದಾಗ ಉತ್ತರವನ್ನು ನಾನೇ ಟೈಪ್ ಮಾಡಿಕೊಡುವುದಿಲ್ಲ. ಪಕ್ಕದಲ್ಲಿ ಕುಳಿತು, ತಕ್ಕ ಕೈಪಿಡಿಯ ಪುಟವನ್ನು ಅವರಿಂದಲೇ ತೆರೆಸುತ್ತೇನೆ.