ಹರಿಯುವ ಶಾವಿಗೆ ಹಿಡಿಯಲು ಬೆಟ್ಟ ಹತ್ತಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದು ಹೊಟ್ಟೆ ತುಂಬುವ ಊಟ ಅಲ್ಲ. ಹಸಿದುಕೊಂಡು ಹೋದರೆ ಸಿಟ್ಟು ಬರುತ್ತದೆ.

ನಾವಿರುವುದು ಜಪಾನಿನ ಒಸಾಕಾದಲ್ಲಿ. ಆಗಸ್ಟ್ ಸೆಕೆ ಅಂದರೆ ಮೈಗೆ ಅಂಗಿ ಅಂಟಿಕೊಂಡು ಬಿಡೋದೇ ಇಲ್ಲ. ಅಂಥ ದಿನಗಳಲ್ಲಿ ಇಲ್ಲಿನವರು ಸೋಮೆನ್ ತಿನ್ನುತ್ತಾರೆ. ಗೋಧಿ ಹಿಟ್ಟಿನ ಸಣ್ಣ ಶಾವಿಗೆ, ಬೇಯಿಸಿ, ತಣ್ಣೀರಲ್ಲಿ ತೊಳೆದು, ಸೋಯಾ ಸಾಸಿನ ತಣ್ಣನೆ ಸಾರಿಗೆ ಅದ್ದಿ ತಿನ್ನೋದು. ಅದನ್ನೇ ಸೀಳಿದ ಬಿದಿರಲ್ಲಿ ನೀರಿನ ಜೊತೆ ಹರಿಯಬಿಟ್ಟರೆ ನಾಗಾಶಿ ಸೋಮೆನ್. ಮಲೆನಾಡಲ್ಲಿ ಅಡಿಕೆ ಮರದ ದಂಬೆಯಲ್ಲಿ ನೀರು ತರುತ್ತಾರಲ್ಲ, ಥೇಟ್ ಹಾಗೇ, ಒಳಗೆ ಶಾವಿಗೆ ಬರುತ್ತದೆ ಅಷ್ಟೇ. ತುಂಬಾ ಹಳೇ ಸಂಪ್ರದಾಯ ಅಂದುಕೊಂಡಿದ್ದೆ. ನೋಡಿದರೆ ಕ್ಯೂಶೂ ದ್ವೀಪದ ತಕಾಚಿಹೊ ಕಣಿವೆಯಲ್ಲಿ ಒಂದು ಅಂಗಡಿಯವರು 1955ರಲ್ಲಿ ಶುರು ಮಾಡಿದ್ದಂತೆ. ಹೊಲದ ಕೆಲಸಕ್ಕೆ ಹೋದವರು ಅಲ್ಲೇ ಸೋಮೆನ್ ಬೇಯಿಸಿ ಬಿದಿರು, ಒರತೆ ನೀರು ಬಳಸಿ ತಣ್ಣಗೆ ಮಾಡಿಕೊಳ್ಳುತ್ತಿದ್ದರು, ಅದನ್ನು ನೋಡಿ ಹೊಳೆದದ್ದು.

ತಕಾಚಿಹೊ ನಮಗೆ ದೂರ. ಹಾಗಾಗಿ ಕ್ಯೋಟೊದ ಉತ್ತರಕ್ಕಿರುವ ಕಿಬುನೆಗೆ ಹೋದೆವು. ಕ್ಯೋಟೊದ ದೆಮಾಚಿಯನಾಗಿ ನಿಲ್ದಾಣದಿಂದ ಸಣ್ಣ ರೈಲಲ್ಲಿ ಅರ್ಧ ಗಂಟೆ, ಕಿಬುನೆಗುಚಿಯಲ್ಲಿ ಇಳಿದು ಹೊಳೆ ಪಕ್ಕ ಸುಮಾರು ಎರಡು ಕಿಲೋಮೀಟರ್ ಏರು. ಬಸ್ಸಿದೆ, ಆದರೆ ನಡೆಯಿರಿ, ಸೀಡರ್ ಮರಗಳ ನೆರಳಲ್ಲಿ ಒಂದೊಂದು ತಿರುವಿಗೂ ಸೆಕೆ ಇಳಿಯೋದು ಮೈಗೇ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಇಲ್ಲಿ ಹೊಳೆ ಮೇಲೇ ಅಟ್ಟಣೆ ಹಾಕಿ ಊಟ ಬಡಿಸುತ್ತಾರೆ. ಮಳೆ ಬಂದರೆ ಬಂದ್, ಹವಾಮಾನ ನೋಡಿಕೊಂಡೇ ಹೊರಡಿ. ಬೇಗ ಹೋಗಿ ನಂಬರ್ ತಗೊಳ್ಳಿ. ನಾವು ಹನ್ನೊಂದಕ್ಕೆ ಹೋಗಿ ಎರಡು ಗಂಟೆ ಕಾದೆವು.

ಸಸ್ಯಾಹಾರಿಗಳಿಗೆ ಒಂದು ಮಾತು. ಆ ಸಾರಿನಲ್ಲಿ ಸಾಮಾನ್ಯವಾಗಿ ಒಣ ಮೀನಿನ ರಸ ಇರುತ್ತದೆ, ಕಣ್ಣಿಗೆ ಕಾಣಲ್ಲ. ನನ್ನ ಹೆಂಡತಿ ಮೀನು ತಿನ್ನಲ್ಲ. ಹಿಂದಿನ ರಾತ್ರಿ ಕೊಂಬು ಅನ್ನೋ ಕಡಲ ಪಾಚಿ ಮತ್ತು ಒಣ ಶಿತಾಕೆ ಅಣಬೆ ನೀರಲ್ಲಿ ನೆನೆಹಾಕಿ ಫ್ರಿಜ್ಜಲ್ಲಿಟ್ಟೆ. ಬೆಳಗ್ಗೆ ಆ ನೀರಿಗೆ ಸೋಯಾ ಸಾಸು, ಮಿರಿನ್ ಹಾಕಿ ಕುದಿಸಿ (ಮಿರಿನ್‌ ಅಂದರೆ ಅಡುಗೆಗೆ ಬಳಸುವ ಸಿಹಿ ಅಕ್ಕಿ ಮದ್ಯ, ಚೆನ್ನಾಗಿ ಕುದಿಸಬೇಕು) ಬಾಟಲಿಗೆ ತುಂಬಿದೆ. ಅಂಗಡಿಯಲ್ಲಿ ಜಪಾನಿಯಲ್ಲಿ ಬರೆದ ಚೀಟಿ ತೋರಿಸಿ, ಇದನ್ನು ಬಳಸಬಹುದಾ ಅಂತ ಕೇಳಿದೆ. ನಕ್ಕು ಒಂದು ಖಾಲಿ ಬಟ್ಟಲು ಕೊಟ್ಟರು.

ಕೂತಾಯಿತು. ಕಾಲ ಕೆಳಗೆ ಹೊಳೆ, ಎದುರಿಗೆ ದಂಬೆ. ಮರೆಯ ಆಚೆಯಿಂದ ಒಂದು ಕೂಗು, ಬಿಳಿ ಮುದ್ದೆಯೊಂದು ಸರ್‍ರಂತ ಬಂತು, ನಾನು ಚಾಪ್‌ಸ್ಟಿಕ್ ಎತ್ತೋದರೊಳಗೆ ದಾಟಿ ಹೋಯಿತು. "ರೀ, ಹೋತು!" ಅಂತ ಇವಳು. ಎರಡನೆಯದನ್ನು ಅಟ್ಟಿಸಿಕೊಂಡು ಹೋದೆ, ನಾಲ್ಕು ಎಳೆ ಸಿಕ್ಕವು. ಮೂರನೆಯದಕ್ಕೆ ಬುದ್ಧಿ ಬಂತು. ಬೆನ್ನಟ್ಟಬಾರದು. ಚಾಪ್‌ಸ್ಟಿಕ್ಕಿನ ತುದಿ ದಂಬೆಯ ತಳಕ್ಕೆ ತಾಗಿಸಿ, ನೀರಿಗೆ ಎದುರಾಗಿ ಸ್ವಲ್ಪ ಓರೆಯಾಗಿ ಹಿಡಿದು ಸುಮ್ನೆ ಕೂರಬೇಕು. ಗದ್ದೆ ಕಾಲುವೆಯಲ್ಲಿ ಕಡ್ಡಿಗೆ ಕಸ ಸಿಕ್ಕಿಕೊಳ್ಳುತ್ತಲ್ಲ, ಹಾಗೆ ಶಾವಿಗೆ ತಾನೇ ಬಂದು ಸುತ್ತಿಕೊಳ್ಳುತ್ತದೆ. ಎತ್ತಿದ ಮೇಲೆ ಎರಡು ಕ್ಷಣ ನೀರು ಇಳಿಯಲು ಬಿಡಿ. ನಾನು ಬಿಡಲಿಲ್ಲ, ಐದಾರು ತುತ್ತಿಗೆ ಸಾರು ತಿಳಿನೀರಾಗಿ ರುಚಿಯೇ ಇಲ್ಲ. ಇವಳ ಬಾಟಲಿಯಿಂದ ಸಾಲ ತಗೊಂಡೆ.

ರುಚಿ? ಹಲ್ಲಿಗೆ ಸಿಗದ ಹಾಗೆ ನುಣುಪು, ತಣ್ಣಗೆ ಜಾರುತ್ತದೆ. ಕೊನೆಗೆ ಗುಲಾಬಿ ಬಣ್ಣದ ಮುದ್ದೆಯೊಂದು ಬಂದರೆ ಊಟ ಮುಗೀತು ಅಂತ ಅರ್ಥ. ನಮಗೆ ಅದು ಇಪ್ಪತ್ತೇ ನಿಮಿಷಕ್ಕೆ ಬಂತು, ಅದನ್ನು ಹಿಡಿದವಳು ಇವಳು.

ಊರಿಗೆ ಫೋನ್ ಮಾಡಿದಾಗ ಅವ್ವ, "ನೀರಾಗ ಬಿಟ್ಟ ಶಾವಿಗಿ ತಿನ್ನಾಕ ಗುಡ್ಡ ಹತ್ತಿದ್ರೇನು?" ಅಂದಳು. ಶಾವಿಗೆ ಮಣೆ ಮೇಲೆ ಕೂತು ಹೊಸೆದು, ಕೋಲಿಗೆ ಹಾಕಿ ಒಣಗಿಸಿದವಳು ಅವಳು. ಸೋಮೆನ್ ಕೂಡ ಕೈಯಲ್ಲಿ ಎಳೆದು ಕೋಲಿಗೆ ಹಾಕಿ ಒಣಗಿಸುತ್ತಾರೆ, ಆದರೆ ಚಳಿಗಾಲದಲ್ಲಿ ಅಂದೆ. ಹಂಗಾದ್ರ ಉಪ್ಪಿಟ್ಟು ಮಾಡಿ ನೋಡು ಅಂದಳು.

ಮಾಡಿದೆ. ಹುರಿದು, ಒಗ್ಗರಣೆ ಹಾಕಿ, ಅಳತೆ ನೀರಲ್ಲಿ ಬೇಯಿಸಿ, ರೂಢಿಯಂತೆ ಉಪ್ಪನ್ನೂ ಹಾಕಿದೆ. ಸೋಮೆನ್ ಹಿಟ್ಟಿನಲ್ಲೇ ಉಪ್ಪು ಜಾಸ್ತಿ, ಅದೂ ಹೋಗಲೆಂದು ಅಷ್ಟು ನೀರಲ್ಲಿ ಬೇಯಿಸಿ ಉಜ್ಜಿ ತೊಳೆಯೋದು ಅಂತ ಆಗ ಗೊತ್ತಾಯಿತು. ಆ ರಾತ್ರಿ ಮೊಸರನ್ನ ತಿಂದು ಮಲಗಿದೆವು.