ಸೈನ್ ಫಲನದ ಆವರ್ತಕಾಲ ಮತ್ತು ಆವೃತ್ತಿಯನ್ನು ಕಂಡುಕೊಳ್ಳುವ ಬಗೆ

ಭಾರತದ ಮನೆಗಳಿಗೆ ಬರುವ ವಿದ್ಯುತ್ತಿನ ವೋಲ್ಟೇಜನ್ನು ಸುಮಾರಾಗಿ 325 × ಸೈನ್(100 × ಪೈ × ಟಿ) ಎಂದು ಬರೆಯಬಹುದು. ಇಲ್ಲಿ ಟಿ ಎಂಬುದು ಸೆಕೆಂಡುಗಳಲ್ಲಿ ಅಳೆದ ಕಾಲ.

ಮೊದಲು ಟಿಯನ್ನು ಗುಣಿಸುತ್ತಿರುವ ಸಂಖ್ಯೆಯನ್ನು, ಎಂದರೆ 100 ಪೈಯನ್ನು, ಗುರುತಿಸಿಕೊಳ್ಳಬೇಕು. ಆವರಣದೊಳಗಿನ ಕೋನವು 2 ಪೈ ರೇಡಿಯನ್‌ನಷ್ಟು ಹೆಚ್ಚಿದಾಗಲೆಲ್ಲ ಸೈನ್ ಫಲನವು ಅವೇ ಬೆಲೆಗಳನ್ನು ಅದೇ ಕ್ರಮದಲ್ಲಿ ಮತ್ತೆ ಪಡೆಯುವುದರಿಂದ, ಕೋನ ಅಷ್ಟು ಹೆಚ್ಚಲು ಹಿಡಿಯುವ ಕಾಲವೇ ಆವರ್ತಕಾಲವಾಗುತ್ತದೆ. 2 ಪೈಯನ್ನು 100 ಪೈಯಿಂದ ಭಾಗಿಸಿದರೆ 0.02 ಸೆಕೆಂಡು ದೊರೆಯುತ್ತದೆ. ಅದರ ವ್ಯುತ್ಕ್ರಮವೇ, ಎಂದರೆ 1ನ್ನು 0.02ರಿಂದ ಭಾಗಿಸಿದಾಗ ಬರುವ ಸಂಖ್ಯೆಯೇ, ಆವೃತ್ತಿ: ಸೆಕೆಂಡಿಗೆ 50 ಆವರ್ತನೆಗಳು, ಅಂದರೆ 50 ಹರ್ಟ್ಸ್.

ಟಿಯನ್ನು ಗುಣಿಸುವ ಸಂಖ್ಯೆ, ಎಂದರೆ ಗುಣಕ, ದೊಡ್ಡದಾದರೆ ಆವರ್ತಕಾಲವೂ ದೊಡ್ಡದಾಗುತ್ತದೆಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ವಾಸ್ತವದಲ್ಲಿ ಗುಣಕವು ಕೋನ ಹೆಚ್ಚುವ ವೇಗವನ್ನು ಸೂಚಿಸುತ್ತದೆ. ವೇಗ ಹೆಚ್ಚಿದಷ್ಟೂ ಒಂದು ಸುತ್ತು ಬೇಗ ಮುಗಿಯುತ್ತದೆ. ಹೀಗಾಗಿ ಸೈನ್(3ಟಿ)ಯ ಆವರ್ತಕಾಲ 2 ಪೈಯ ಮೂರನೆಯ ಒಂದು ಭಾಗವಾದರೆ, ಸೈನ್(ಟಿ/2)ರದ್ದು 4 ಪೈ. ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಕಾರಣವನ್ನು ಮನಗಾಣುವುದು ಹೆಚ್ಚು ಉಪಯುಕ್ತವೆಂದು ನನ್ನ ದೃಢ ಅಭಿಪ್ರಾಯ. ಗುಣಕ ಋಣಸಂಖ್ಯೆಯಾಗಿದ್ದರೆ ಅದರ ಚಿಹ್ನೆಯನ್ನು ಬಿಟ್ಟು ಭಾಗಿಸಬೇಕು.

ಮೊದಲ ಉದಾಹರಣೆಯಲ್ಲಿ ಸೈನ್ ಫಲನವನ್ನು ಗುಣಿಸುತ್ತಿರುವ 325 ಅಲೆಯ ಎತ್ತರವನ್ನಷ್ಟೇ ನಿರ್ಧರಿಸುತ್ತದೆ. ಕೋನಕ್ಕೆ ಸ್ಥಿರಾಂಕವೊಂದನ್ನು ಕೂಡಿಸಿದರೆ ಅಲೆ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಆವರ್ತಕಾಲ ಬದಲಾಗದು.

ನಕ್ಷೆಯಿಂದ ಅಳೆಯುವಾಗ ಒಂದು ಶಿಖರದಿಂದ ಮುಂದಿನ ಶಿಖರದವರೆಗಿನ ಅಂತರವನ್ನು ತೆಗೆದುಕೊಳ್ಳಿ. ಅಲೆಯು ಅಡ್ಡ ಅಕ್ಷವನ್ನು ದಾಟುವ ಎರಡು ನೆರೆಯ ಬಿಂದುಗಳ ನಡುವೆ ಅರ್ಧ ಆವರ್ತಕಾಲ ಮಾತ್ರ ಇರುತ್ತದೆ.